ಬೆಂಗಳೂರಲ್ಲಿ ಬಾಡಿಗೆ ಮನೆ: ಓನರ್ ಮನೆ ಮಹಡಿಯೋ, ಚಿಕ್ಕ ಅಪಾರ್ಟ್‌ಮೆಂಟೋ, ಗೇಟೆಡ್ ಸೊಸೈಟಿಯೋ, ಭೋಗ್ಯವೋ?

ನಮ್ಮ ಅಕ್ಕನ ಮಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿತು. ಮದುವೆಯಾಗಿ ಇನ್ನೂ ಆರು ತಿಂಗಳು. ಗಂಡ ಹೆಂಡತಿ ಎರಡು ಭಾನುವಾರ ಸುತ್ತಿ ನಾಲ್ಕು ಮನೆ ನೋಡಿದರು. ಆಮೇಲೆ ಫೋನ್ ಬಂತು. "ಮಾಮ, ನಾಲ್ಕೂ ಚೆನ್ನಾಗೇ ಇವೆ. ಯಾವುದು ಹಿಡಿಯೋದು ಗೊತ್ತಾಗ್ತಿಲ್ಲ."

ನಾಲ್ಕೂ ಬೇರೆ ಬೇರೆ ಥರದ ಮನೆ. ಬನಶಂಕರಿಯಲ್ಲಿ ಓನರ್ ಮನೆಯ ಮೊದಲನೇ ಮಹಡಿ, ಬಾಡಿಗೆ 20,000. ಹೊಸ ರೋಡ್ ಅನ್ನುವ ಜಾಗದ ಹತ್ತಿರ ಹದಿನಾರು ಮನೆಗಳ ಒಂದು ಚಿಕ್ಕ ಅಪಾರ್ಟ್‌ಮೆಂಟ್, 21,000. ಬೇಗೂರು ಕಡೆ ಈಜುಕೊಳ, ಜಿಮ್ ಎಲ್ಲ ಇರುವ ದೊಡ್ಡ ಗೇಟೆಡ್ ಸೊಸೈಟಿ, 32,000. ನಾಲ್ಕನೆಯದು ಬೊಮ್ಮನಹಳ್ಳಿಯಲ್ಲಿ ಭೋಗ್ಯಕ್ಕೆ: ಎರಡು ವರ್ಷಕ್ಕೆ 15 ಲಕ್ಷ, ತಿಂಗಳ ಬಾಡಿಗೆ ಇಲ್ಲ. ನಾಲ್ಕೂ 2 ಬಿಎಚ್‌ಕೆ.

ನಾನು ಈ ಊರಲ್ಲಿ ಐದು ಮನೆ ಬದಲಾಯಿಸಿದ್ದೇನೆ. ಮೊದಲ ಮೂರು ಥರದ ಮನೆಯಲ್ಲೂ ಇದ್ದು ನೋಡಿದ್ದೇನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಜವಾದ ಬಾಡಿಗೆ ಎಷ್ಟು ಅಂತ ನೋಡಿ

ಬೋರ್ಡಿನ ಮೇಲಿರುವ ಬಾಡಿಗೆ ಪೂರ್ತಿ ಬಾಡಿಗೆ ಅಲ್ಲ. ಅಡ್ವಾನ್ಸ್ ಕೊಟ್ಟ ದುಡ್ಡಿಗೆ ಬಡ್ಡಿ ಬರುವುದಿಲ್ಲ, ಅದೂ ಖರ್ಚೇ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಬೆಂಗಳೂರಲ್ಲಿ ರೂಢಿ, ಅದೂ ಖರ್ಚೇ. ಮೈಂಟೆನೆನ್ಸ್, ನೀರು, ಟ್ಯಾಂಕರ್ ಬೇರೆ.

ಬನಶಂಕರಿ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ದರು, 2 ಲಕ್ಷ. ಅದೇ ದುಡ್ಡು 7% ಬಡ್ಡಿಗೆ ಎಫ್‌ಡಿಯಲ್ಲಿದ್ದರೆ ತಿಂಗಳಿಗೆ ಸುಮಾರು 1,170 ರೂಪಾಯಿ ಬರುತ್ತಿತ್ತು. ಎರಡು ವರ್ಷ ಇರುತ್ತೀರಿ ಅಂದುಕೊಂಡರೆ ಪೇಂಟಿಂಗ್ ದುಡ್ಡು ತಿಂಗಳಿಗೆ 830 ಆಗುತ್ತದೆ. ಕಾವೇರಿ ನೀರಿಗೆ 300. ಎಲ್ಲ ಸೇರಿ 22,300.

ಹೊಸ ರೋಡ್ ಅಪಾರ್ಟ್‌ಮೆಂಟಿಗೆ ಅಡ್ವಾನ್ಸ್ 1 ಲಕ್ಷ ಮಾತ್ರ. ಹುಡುಗನಿಗೆ ಅದೇ ಇಷ್ಟವಾಗಿತ್ತು. ಆದರೆ ಮೈಂಟೆನೆನ್ಸ್ 2,500. ಬೇಸಿಗೆ ಟ್ಯಾಂಕರ್ ಖರ್ಚನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 500. ಅಡ್ವಾನ್ಸಿನ ಬಡ್ಡಿ 580, ಪೇಂಟಿಂಗ್ 875. ಒಟ್ಟು 25,450 ದಾಟಿತು. ಬೋರ್ಡಿನಲ್ಲಿ ಒಂದೇ ಸಾವಿರ ವ್ಯತ್ಯಾಸ. ಲೆಕ್ಕ ಹಾಕಿದರೆ ಮೂರು ಸಾವಿರಕ್ಕೂ ಜಾಸ್ತಿ.

ಬೇಗೂರಿನ ಸೊಸೈಟಿಯಲ್ಲಿ ಮೈಂಟೆನೆನ್ಸ್ ಚದರಡಿಗೆ 4 ರೂಪಾಯಿ. 1,200 ಚದರಡಿ ಮನೆಗೆ 4,800. ನೀರಿನ ಮೀಟರ್, ಅಡ್ವಾನ್ಸಿನ ಬಡ್ಡಿ, ಪೇಂಟಿಂಗ್ ಸೇರಿಸಿದರೆ 32,000 ಹೋಗಿ 39,400 ಆಯಿತು. ಲೆಕ್ಕ ಕೇಳಿ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೈಂಟೆನೆನ್ಸ್ ಬಾಡಿಗೆಯೊಳಗೇ ಇದೆಯೋ, ಮೇಲೆ ಕೊಡಬೇಕೋ ಅನ್ನುವುದನ್ನು ಮೊದಲ ಫೋನಿನಲ್ಲೇ ಕೇಳಿ. ಕಟ್ಟಡದ ದೊಡ್ಡ ರಿಪೇರಿಗೆ, ಕಾರ್ಪಸ್ ಫಂಡಿಗೆ (ಮುಂದಿನ ದೊಡ್ಡ ಖರ್ಚಿಗೆ ಕೂಡಿಡುವ ನಿಧಿ) ಅಂತ ಅಸೋಸಿಯೇಷನ್ ದುಡ್ಡು ಕೇಳಿದರೆ ಅದು ಓನರ್ ಕೊಡಬೇಕಾದದ್ದು. ಹಾಗಂತ ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ.

ಆಮೇಲೆ ನೀರು

ರೂಮು ಎಷ್ಟು ದೊಡ್ಡದು, ಬಿಸಿಲು ಬರುತ್ತಾ, ವಾಸ್ತು ಹೇಗಿದೆ ಅಂತ ಎಲ್ಲರೂ ನೋಡುತ್ತಾರೆ. ನಾನು ಮೊದಲು ನಲ್ಲಿ ತಿರುಗಿಸಿ ನೋಡುತ್ತೇನೆ. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಇದ್ದವರಿಗೆ ಇದಕ್ಕೆ ಕಾರಣ ಹೇಳಬೇಕಾಗಿಲ್ಲ. ನಮ್ಮ ಆಗಿನ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಮಾರ್ಚಿನಲ್ಲೇ ಬತ್ತಿತು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು. ಮನೆಯಲ್ಲಿ ವಯಸ್ಸಾದ ಅಮ್ಮ. ಬಕೆಟ್ ತುಂಬಿಸಿಡುವುದೇ ದಿನದ ಕೆಲಸವಾಗಿತ್ತು. ಆ ಎರಡು ತಿಂಗಳು ಕಳೆದ ಮೇಲೆ ಮನೆ ನೋಡುವ ನನ್ನ ಕಣ್ಣೇ ಬದಲಾಯಿತು.

ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು, ಮುಖ್ಯವಾಗಿ ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳಿಗಾಗಿ. ಇದನ್ನು ನಂಬಿ "ಈಗ ಎಲ್ಲ ಕಡೆ ಕಾವೇರಿ ಇದೆ" ಅನ್ನುವವರು ತುಂಬ ಜನ. ರಸ್ತೆಯಲ್ಲಿ ಪೈಪ್ ಇರುವುದು ಬೇರೆ, ಆ ಕಟ್ಟಡ ದುಡ್ಡು ಕಟ್ಟಿ ಜಲಮಂಡಳಿಯಿಂದ ಕನೆಕ್ಷನ್ ತೆಗೆದುಕೊಂಡಿರುವುದು ಬೇರೆ. ಆದ್ದರಿಂದ ಈ ಕಟ್ಟಡಕ್ಕೆ ನೀರಿನ ಬಿಲ್ ಬರುತ್ತಾ ಅಂತ ಕೇಳಿ. ಬಿಲ್ ತೋರಿಸಿದರೆ ಮಾತು ಮುಗಿಯಿತು.

ವಾರದಲ್ಲಿ ಯಾವ ದಿನ ನೀರು ಬಿಡುತ್ತಾರೆ, ಸಂಪು ಎಷ್ಟು ದೊಡ್ಡದು, ಅದನ್ನು ಎಷ್ಟು ಮನೆ ಬಳಸುತ್ತವೆ, ಟ್ಯಾಂಕರ್ ಬಂದರೆ ದುಡ್ಡು ಯಾರದು? ಈ ಪ್ರಶ್ನೆಗಳನ್ನು ಓನರಿಗೆ ಕೇಳಿ, ಆಮೇಲೆ ಪಕ್ಕದ ಮನೆಯವರಿಗೂ ಕೇಳಿ. ಎದುರಿನ ಅಂಗಡಿಯವರಿಗೆ, ವಾಚ್‌ಮನ್ ಹೆಂಡತಿಗೆ, ಇಸ್ತ್ರಿ ಮಾಡುವವರಿಗೆ ಆ ಕಟ್ಟಡದ ನೀರಿನ ಕಥೆ ಪೂರ್ತಿ ಗೊತ್ತಿರುತ್ತದೆ. ಬಚ್ಚಲಲ್ಲಿ ನಲ್ಲಿಯ ಬುಡ, ಬಕೆಟ್ ಅಂಚು, ಟೈಲ್ಸ್ ನೋಡಿ. ಬಿಳಿ ಪೊರೆ ಗಟ್ಟಿಯಾಗಿ ಕೂತಿದ್ದರೆ ಗಡುಸು ನೀರು, ಬೋರ್‌ವೆಲ್ಲಿನದು. ಅಂಥ ನೀರಲ್ಲಿ ಬೇಳೆ ಬೇಯುವುದು ತಡ. ಗೀಸರ್, ವಾಷಿಂಗ್ ಮಷಿನ್ ಬೇಗ ಹಾಳಾಗುತ್ತವೆ.

ಓನರ್ ಮನೆ ಮಹಡಿ

ಬೆಂಗಳೂರಿಗೆ ಹೊಸದಾಗಿ ಬರುವ ಚಿಕ್ಕ ಸಂಸಾರಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಬನಶಂಕರಿ, ವಿಜಯನಗರ, ಬಸವೇಶ್ವರನಗರದಂಥ ಹಳೇ ಬಡಾವಣೆಗಳಲ್ಲಿ ಕಾವೇರಿ ನೀರು ಮೊದಲಿಂದಲೂ ಇದೆ. ತರಕಾರಿ, ಆಸ್ಪತ್ರೆ, ಬಸ್ಸು ನಡೆದು ಹೋಗುವಷ್ಟು ಹತ್ತಿರ. ಪೈಪ್ ಒಡೆದರೆ ಕೆಳಗೆ ಇಳಿದು ಹೇಳಿದರೆ ಸಾಕು, ಸಂಜೆಯೊಳಗೆ ಪ್ಲಂಬರ್ ಬರುತ್ತಾನೆ. ತಮ್ಮದೇ ಮನೆ ಅಲ್ವಾ, ಹಾಳಾಗಲು ಬಿಡುವುದಿಲ್ಲ.

ಕಷ್ಟವೂ ಅಲ್ಲೇ. ಓನರ್ ಕೆಳಗೇ ಇರುತ್ತಾರೆ. ರಾತ್ರಿ ಗೇಟಿಗೆ ಬೀಗ ಎಷ್ಟು ಹೊತ್ತಿಗೆ, ಊರಿಂದ ಅಪ್ಪ ಅಮ್ಮ ಬಂದು ಹದಿನೈದು ದಿನ ಇದ್ದರೆ ನಡೆಯುತ್ತಾ, ಮನೆಯಲ್ಲಿ ಬಾಡೂಟ ಮಾಡಬಹುದಾ, ತಾರಸಿಯ ಮೇಲೆ ಬಟ್ಟೆ ಒಣಗಿಸಬಹುದಾ? ಸಂಕೋಚ ಬೇಡ, ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಆಮೇಲೆ ಮುಖ ಕೆಡಿಸಿಕೊಳ್ಳುವುದಕ್ಕಿಂತ ಇದು ಇಬ್ಬರಿಗೂ ಒಳ್ಳೆಯದು. ಕಾರಿಗೆ ಜಾಗ ಸಾಮಾನ್ಯವಾಗಿ ಇರುವುದಿಲ್ಲ, ಬೈಕಿಗೆ ಇರುತ್ತದೆ.

ಕರೆಂಟ್ ಮೀಟರ್ ಮನೆಗೆ ಬೇರೆ ಇರಬೇಕು. ಇದು ಮುಖ್ಯ. ಕೆಲವು ಕಡೆ ಒಂದೇ ಬೆಸ್ಕಾಂ ಮೀಟರ್ ಇಟ್ಟು ಮೇಲಿನ ಮನೆಗೆ ಸಬ್ ಮೀಟರ್ ಹಾಕಿರುತ್ತಾರೆ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ಲಾಭ ಬಾಡಿಗೆದಾರರಿಗೂ ಇದೆ, 200 ಯೂನಿಟ್‌ವರೆಗೆ, ಮನೆಯ ಹಿಂದಿನ ಬಳಕೆಯ ಸರಾಸರಿಯ ಲೆಕ್ಕದಲ್ಲಿ. ಆದರೆ ಅದಕ್ಕೆ ನಿಮ್ಮ ಮನೆಗೇ ಆರ್‌ಆರ್ ನಂಬರ್, ಅಂದರೆ ಕರೆಂಟ್ ಬಿಲ್ಲಿನ ಮೇಲಿರುವ ಕನೆಕ್ಷನ್ ನಂಬರ್ ಇರಬೇಕು, ಅದಕ್ಕೆ ನಿಮ್ಮ ಆಧಾರ್ ಸೇರಿಸಬೇಕು. ಹಿಂದೆ ಇದ್ದವರ ಆಧಾರ್ ಇನ್ನೂ ಸೇರಿಕೊಂಡಿದ್ದರೆ ಮೊದಲು ತೆಗೆಸಬೇಕು. ಓನರಿಗೆ ಹೇಳಿ, ಹಳೇ ಬಾಡಿಗೆದಾರರ ಫೋನ್ ನಂಬರ್ ಅವರ ಹತ್ತಿರ ಇರುತ್ತದೆ.

ಚಿಕ್ಕ ಅಪಾರ್ಟ್‌ಮೆಂಟ್

ಹತ್ತು, ಹದಿನೈದು, ಇಪ್ಪತ್ತು ಮನೆ. ಒಬ್ಬ ವಾಚ್‌ಮನ್, ಒಂದು ಲಿಫ್ಟ್. ಬೆಂಗಳೂರಲ್ಲಿ ಮನೆ ಹುಡುಕುವವರಿಗೆ ಜಾಸ್ತಿ ಸಿಗುವುದು ಇವೇ. ಓನರ್ ಕಣ್ಣು ತಲೆಯ ಮೇಲೆ ಇರುವುದಿಲ್ಲ. ಬಾಡಿಗೆ ಗೇಟೆಡ್ ಸೊಸೈಟಿಗಿಂತ ಕಡಿಮೆ. ಕೇಳಲು ಚೆನ್ನಾಗಿದೆ.

ಆದರೆ ಒಳ್ಳೆಯ ಚಿಕ್ಕ ಅಪಾರ್ಟ್‌ಮೆಂಟಿಗೂ ಕೆಟ್ಟದ್ದಕ್ಕೂ ಅಜಗಜಾಂತರ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಅಸೋಸಿಯೇಷನ್‌ನಲ್ಲಿ. ಅಲ್ಲಿ ಓನರ್‌ಗಳೇ ಕೆಲವರು ವಾಸವಾಗಿದ್ದರೆ ಲಿಫ್ಟ್ ಓಡುತ್ತದೆ, ಸಂಪು ತೊಳೆಯುತ್ತಾರೆ, ಜನರೇಟರಿಗೆ ಡೀಸೆಲ್ ಇರುತ್ತದೆ. ಎಲ್ಲ ಮನೆಯೂ ಬಾಡಿಗೆಗೆ ಹೋಗಿದ್ದರೆ ಯಾರಿಗೂ ಯಾವುದೂ ಬೇಡ. ಹದಿನಾರರಲ್ಲಿ ಎಷ್ಟು ಮನೆಯಲ್ಲಿ ಓನರ್‌ಗಳಿದ್ದಾರೆ ಅಂತ ವಾಚ್‌ಮನ್‌ಗೆ ಕೇಳಿ. ಮೆಟ್ಟಿಲಲ್ಲಿ ಇಳಿದು ಬನ್ನಿ, ಲಿಫ್ಟಿನಲ್ಲಿ ಬೇಡ. ಮೆಟ್ಟಿಲ ಮೂಲೆ, ಮೀಟರ್ ಬೋರ್ಡು, ಕಸ ಇಡುವ ಜಾಗ ನೋಡಿದರೆ ಕಟ್ಟಡವನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ತಿಳಿಯುತ್ತದೆ.

ಹೊಚ್ಚ ಹೊಸ ಕಟ್ಟಡವಾದರೆ ಇನ್ನೊಂದು ವಿಷಯ. ಓಸಿ, ಅಂದರೆ ವಾಸಕ್ಕೆ ಯೋಗ್ಯ ಅಂತ ಪಾಲಿಕೆ ಕೊಡುವ ಪತ್ರ ಆಗಿದೆಯಾ ಕೇಳಿ. ಅದಿಲ್ಲದ ಕೆಲವು ಕಟ್ಟಡಗಳಿಗೆ ಕಾಯಂ ಕರೆಂಟ್ ಕನೆಕ್ಷನ್ ಸಿಕ್ಕಿರುವುದಿಲ್ಲ. ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಕನೆಕ್ಷನ್‌ನಲ್ಲೇ ಮನೆಗಳು ನಡೆಯುತ್ತಿರುತ್ತವೆ. ಅದರ ದರ ಮನೆಯ ದರಕ್ಕಿಂತ ಜಾಸ್ತಿ, ಗೃಹಜ್ಯೋತಿ ಸಿಗುವುದಿಲ್ಲ. ಕಳೆದ ತಿಂಗಳ ಕರೆಂಟ್ ಬಿಲ್ ತೋರಿಸಿ ಅಂದರೆ ಎಲ್ಲ ಗೊತ್ತಾಗುತ್ತದೆ.

ಗೇಟೆಡ್ ಸೊಸೈಟಿ

ಚಿಕ್ಕ ಮಕ್ಕಳಿದ್ದರೆ, ಮನೆಯಲ್ಲಿ ಹೆಂಗಸರು ಒಬ್ಬರೇ ಇರುವ ದಿನಗಳು ಜಾಸ್ತಿ ಇದ್ದರೆ, ಮನೆಯಿಂದಲೇ ಕೆಲಸ ಮಾಡುವವರಿಗೆ ಕರೆಂಟ್ ಹೋಗಲೇಬಾರದು ಅನ್ನುವಂತಿದ್ದರೆ ಇದಕ್ಕೆ ಕೊಡುವ ದುಡ್ಡು ದಂಡವಲ್ಲ. ಮಕ್ಕಳು ಗಾಡಿಯ ಭಯ ಇಲ್ಲದೆ ಸಂಜೆ ಆಡುವುದನ್ನು ನೋಡುವುದೇ ಒಂದು ನೆಮ್ಮದಿ. ನಮ್ಮ ಮಗಳು ಸೈಕಲ್ ಕಲಿತದ್ದು ಅಂಥ ಸೊಸೈಟಿಯಲ್ಲೇ.

ಇಬ್ಬರೂ ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವ ಜೋಡಿಗೆ ಈಜುಕೊಳ ಯಾಕೆ? ವರ್ಷಕ್ಕೆ ಎರಡು ಸಲ ಇಳಿಯುವ ಕೊಳಕ್ಕೆ ತಿಂಗಳು ತಿಂಗಳೂ ದುಡ್ಡು. ಇದನ್ನು ಹುಡುಗನಿಗೆ ನೇರವಾಗಿಯೇ ಹೇಳಿದೆ.

ಸಾಮಾನು ತರುವ ದಿನ ಅಸೋಸಿಯೇಷನ್ ಶುಲ್ಕ ಎಷ್ಟು, ಮನೆ ಕೆಲಸದವರಿಗೆ ಯಾವ ನಿಯಮ, ಒಟ್ಟಾಗಿ ಇರುವ ಗೆಳೆಯರಿಗೆ ಮನೆ ಕೊಡುತ್ತಾರಾ, ನಾಯಿ ಸಾಕಬಹುದಾ ಕೇಳಿಕೊಳ್ಳಿ. ಇಲ್ಲಿನ ಮನೆಗಳ ಓನರ್‌ಗಳು ಎಷ್ಟೋ ಸಲ ವಿದೇಶದಲ್ಲಿರುತ್ತಾರೆ. ಓನರ್ ಎನ್‌ಆರ್‌ಐ ಆದರೆ ಬಾಡಿಗೆ ಕೊಡುವ ಮೊದಲು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ನಿಮ್ಮ ಮೇಲೆ ಬರುತ್ತದೆ, ಬಾಡಿಗೆ ಎಷ್ಟೇ ಇರಲಿ. ಊರಲ್ಲೇ ಇರುವ ಓನರಾದರೆ ತಿಂಗಳ ಬಾಡಿಗೆ 50,000 ದಾಟಿದರೆ ಮಾತ್ರ ಆ ತಲೆನೋವು. ಎನ್‌ಆರ್‌ಐ ಮನೆ ಹಿಡಿಯುವ ಮುಂಚೆ ಒಬ್ಬ ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಬನ್ನಿ.

ಭೋಗ್ಯ: ಇಲ್ಲಿ ನಿಧಾನವಾಗಿ ಓದಿ

ತಿಂಗಳ ಬಾಡಿಗೆ ಇಲ್ಲ, ಕೊಟ್ಟ ದುಡ್ಡು ಪೂರ್ತಿ ವಾಪಸ್. ಭೋಗ್ಯಕ್ಕೆ ಮನಸ್ಸು ಸೋಲುವುದು ಸಹಜ. ಎಷ್ಟೋ ಜನ ಹೀಗೆ ಇದ್ದು ದುಡ್ಡು ಉಳಿಸಿದ್ದಾರೆ. ಭೋಗ್ಯವೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಲೆಕ್ಕ ನೋಡಿ.

15 ಲಕ್ಷದಲ್ಲಿ ಹುಡುಗನ ಕೈಯಲ್ಲಿದ್ದದ್ದು 6 ಲಕ್ಷ. ಉಳಿದ 9 ಲಕ್ಷಕ್ಕೆ ಪರ್ಸನಲ್ ಲೋನ್ ತೆಗೆಯುವ ಯೋಚನೆ. ಅವನ 6 ಲಕ್ಷಕ್ಕೆ ಸಿಗಬಹುದಾಗಿದ್ದ ಬಡ್ಡಿ ವರ್ಷಕ್ಕೆ 42,000. ಸಾಲಕ್ಕೆ 12% ಅಂದರೆ ಮೊದಲ ವರ್ಷ ಹೆಚ್ಚುಕಡಿಮೆ ಒಂದು ಲಕ್ಷ ಬಡ್ಡಿ. ಎರಡೂ ಸೇರಿದರೆ ತಿಂಗಳಿಗೆ ಸುಮಾರು 12,000. ಅಂಥದ್ದೇ ಮನೆಗೆ ಬಾಡಿಗೆ 21,000 ಇದೆ. ಹಾಗಾದರೆ ತಿಂಗಳಿಗೆ ಒಂಬತ್ತು ಸಾವಿರ ಉಳಿತಾಯ. ಆದರೆ 9 ಲಕ್ಷದ ಸಾಲವನ್ನು ಐದು ವರ್ಷಕ್ಕೆ ಹಾಕಿದರೆ ಕಂತೇ 20,000 ಬರುತ್ತದೆ. ಅದರಲ್ಲಿ ಅಸಲೂ ಸೇರಿದೆ, ನಿಜ. ಆದರೂ ಒಂದನೇ ತಾರೀಖಿಗೆ ಕೈಯಿಂದ ಹೋಗುವುದು ಬಾಡಿಗೆಯಷ್ಟೇ ದುಡ್ಡು, ಮೇಲೆ 15 ಲಕ್ಷ ಬೇರೆಯವರ ಕೈಯಲ್ಲಿ.

ಆ 15 ಲಕ್ಷ ಎಲ್ಲಿಗೆ ಹೋಗುತ್ತದೆ? ಓನರ್ ಅದನ್ನು ಕಪಾಟಿನಲ್ಲಿ ಇಟ್ಟುಕೊಂಡಿರುವುದಿಲ್ಲ. ಮಗಳ ಮದುವೆಗೆ, ಹಳೇ ಸಾಲಕ್ಕೆ, ಇನ್ನೊಂದು ಕಟ್ಟಡಕ್ಕೆ ಹಾಕಿರುತ್ತಾರೆ. ನಿಮಗೆ ವಾಪಸ್ ಕೊಡುವುದು ಮುಂದಿನ ಭೋಗ್ಯದಾರರು ಸಿಕ್ಕಿದ ಮೇಲೆ. ಅವರು ಸಿಗದಿದ್ದರೆ "ಇನ್ನೊಂದು ತಿಂಗಳು ಇರಿ" ಅಂತ ಶುರುವಾಗುತ್ತದೆ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಕಂತು ಕಟ್ಟದಿದ್ದರೆ ಬ್ಯಾಂಕಿನವರು ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಆಗ ಒಳಗಿದ್ದವರು ಬೀದಿಗೆ ಬೀಳುತ್ತಾರೆ. ಇನ್ನೊಂದು ಮೋಸವೂ ಈ ಊರಲ್ಲಿ ನಡೆದಿದೆ. ಮಧ್ಯದವರು ಓನರ್‌ಗಳಿಂದ ಮನೆಯನ್ನು ತಿಂಗಳ ಬಾಡಿಗೆಗೆ ಹಿಡಿಯುತ್ತಾರೆ. ಅದೇ ಮನೆಯನ್ನು ಬೇರೆಯವರಿಗೆ ಭೋಗ್ಯಕ್ಕೆ ಕೊಟ್ಟು ಲಕ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಕೆಲವು ತಿಂಗಳು ಓನರಿಗೆ ಬಾಡಿಗೆ ಕಟ್ಟಿ ಆಮೇಲೆ ನಾಪತ್ತೆ.

ಆದ್ದರಿಂದ ಭೋಗ್ಯಕ್ಕೆ ಹೋಗುವುದೇ ಆದರೆ ಓನರ್ ಜೊತೆ ಮುಖಾಮುಖಿ ಮಾತಾಡಿ. ಖಾತೆ, ಕಂದಾಯ ಕಟ್ಟಿದ ರಸೀದಿಯಲ್ಲಿ ಅವರದೇ ಹೆಸರಿದೆಯಾ ನೋಡಿ. ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ಇಸಿಯಲ್ಲಿ ಎಲ್ಲ ಸಾಲವೂ ಕಾಣಲೇಬೇಕೆಂದಿಲ್ಲ. ಹಾಗಾಗಿ ಮನೆಯ ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ, ಜೆರಾಕ್ಸ್ ಬೇಡ. ಬ್ಯಾಂಕಿನಲ್ಲಿ ಇಟ್ಟಿದ್ದರೆ ಅವರ ಹತ್ತಿರ ಮೂಲ ಇರುವುದಿಲ್ಲ. ದುಡ್ಡು ಓನರ್ ಖಾತೆಗೇ ಬ್ಯಾಂಕ್ ಮೂಲಕ ಹೋಗಲಿ, ನಗದು ಒಂದು ರೂಪಾಯಿಯೂ ಬೇಡ. ಭೋಗ್ಯದ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ನೋಟರಿ ಸಹಿ ಸಾಲುವುದಿಲ್ಲ. ಖರ್ಚು ಜಾಸ್ತಿ ಅಂತ ಓನರ್ ಹಿಂದೇಟು ಹಾಕಿದರೆ ನೀವೂ ಹಿಂದೆ ಬನ್ನಿ. ಸಾಲ ಮಾಡಿ ಭೋಗ್ಯಕ್ಕೆ ಹೋಗುವುದು ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದೂರ, ಬ್ರೋಕರ್, ಅಗ್ರಿಮೆಂಟ್

ಮನೆಯನ್ನು ಭಾನುವಾರ ನೋಡಿ, ದಾರಿಯನ್ನು ಸೋಮವಾರ ನೋಡಿ. ಬೆಳಗ್ಗೆ ಎಂಟೂವರೆಗೆ ಆ ಮನೆ ಬಾಗಿಲಿಂದ ಆಫೀಸಿನ ಬಾಗಿಲವರೆಗೆ ಒಂದು ಸಲ ಹೋಗಿ ಬನ್ನಿ. ಹಳದಿ ಮಾರ್ಗದ ಮೆಟ್ರೋ 2025ರ ಆಗಸ್ಟ್‌ನಲ್ಲಿ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರ ಲೆಕ್ಕವೇ ಬದಲಾಗಿದೆ. ಬನಶಂಕರಿಯಲ್ಲಿ ಹತ್ತಿದರೆ ಮುಂದಿನ ನಿಲ್ದಾಣವೇ ಆರ್‌ವಿ ರಸ್ತೆ, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಮೇಲೆಯೇ ಹೋಗಬಹುದು. ನಕ್ಷೆಯಲ್ಲಿ ಬೇಗೂರು ಹತ್ತಿರ ಕಾಣುತ್ತದೆ. ಆದರೆ ಆ ಸೊಸೈಟಿಯ ಗೇಟಿಂದ ಮೆಟ್ರೋಗೆ ನಡೆದು ಹೋಗುವಂತಿರಲಿಲ್ಲ, ದಿನಾ ಎರಡು ಹೊತ್ತು ಆಟೋ ಬೇಕಿತ್ತು.

ಬ್ರೋಕರ್‌ಗಳು ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ತೆಗೆದುಕೊಳ್ಳುತ್ತಾರೆ. ಹಳೇ ಬಡಾವಣೆಯಲ್ಲಿ ಬ್ರೋಕರ್ ಬೇಕಾಗಿಯೇ ಇಲ್ಲ. ಎರಡು ಸಂಜೆ ನಡೆದರೆ ಟು-ಲೆಟ್ ಬೋರ್ಡ್‌ಗಳು ಸಿಗುತ್ತವೆ. ಆನ್‌ಲೈನ್‌ನಲ್ಲಿ ನೋಡುವಾಗ ಒಂದು ಮಾತು: ನಾನು ಸೈನ್ಯದಲ್ಲಿದ್ದೇನೆ, ಬೇರೆ ಊರಿಗೆ ವರ್ಗವಾಗಿದೆ, ಮನೆ ನೋಡಲು ಗೇಟ್ ಪಾಸಿಗೆ ಮೊದಲು ದುಡ್ಡು ಕಳಿಸಿ ಅಂದರೆ ಅದು ಮೋಸ. ಮನೆಯೊಳಗೆ ಕಾಲಿಡದೆ ಯಾರಿಗೂ ಟೋಕನ್ ಕೊಡಬೇಡಿ. ಕಳಿಸಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಗ್ರಿಮೆಂಟ್ 11 ತಿಂಗಳಿಗೇ ಯಾಕೆ ಅಂತ ಹುಡುಗ ಕೇಳಿದ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಕರಾರನ್ನು ನೋಂದಾಯಿಸಬೇಕು. ಆ ಖರ್ಚು ತಪ್ಪಿಸಲು 11. ಅಡ್ವಾನ್ಸ್ ವಿಷಯದಲ್ಲಿ 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಸಾಕು ಅನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾಯ್ದೆ ಮಾಡಿಕೊಂಡಾಗಲೇ ಜಾರಿ. ಬೆಂಗಳೂರಲ್ಲಿ ಐದರಿಂದ ಹತ್ತು ತಿಂಗಳು ಕೇಳುವುದು ಮಾಮೂಲು. ಆದರೂ ಚೌಕಾಸಿ ಮಾಡಿ.

ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಅಂತ ಅಂಕಿಯಲ್ಲೇ ಬರೆಸಿ. ನನಗೆ ಒಂದು ಮನೆಯಲ್ಲಿ ಅಗ್ರಿಮೆಂಟಿನಲ್ಲಿ "ಪೇಂಟಿಂಗ್ ಮತ್ತು ಇತರೆ" ಅಂತ ಇತ್ತು. ಖಾಲಿ ಮಾಡುವಾಗ ಆ "ಇತರೆ"ಯಲ್ಲಿ 38,000 ಹೋಯಿತು. ನಾವು ಹೋಗುವ ಮೊದಲೇ ಇದ್ದ ಗೋಡೆಯ ತೇವಕ್ಕೂ ನಮ್ಮಿಂದಲೇ ಹಿಡಿದರು. ತೋರಿಸಲು ನನ್ನ ಹತ್ತಿರ ಒಂದು ಫೋಟೋ ಇರಲಿಲ್ಲ. ಅಂದಿನಿಂದ ಬೀಗದ ಕೈ ಸಿಕ್ಕ ದಿನವೇ, ಸಾಮಾನು ಇಳಿಸುವ ಮೊದಲು, ಪ್ರತಿ ಗೋಡೆ, ನಲ್ಲಿ, ಸ್ವಿಚ್ಚು, ಬಾಗಿಲನ್ನು ವಿಡಿಯೋ ಮಾಡುತ್ತೇನೆ. ಕರೆಂಟ್ ಮೀಟರ್ ರೀಡಿಂಗಿನ ಫೋಟೋ ತೆಗೆಯುತ್ತೇನೆ. ಎರಡನ್ನೂ ಅಂದೇ ಓನರಿಗೆ ವಾಟ್ಸಾಪ್ ಮಾಡುತ್ತೇನೆ. ನೋಟಿಸ್ ಎಷ್ಟು ತಿಂಗಳು, 11 ತಿಂಗಳ ನಂತರ ಬಾಡಿಗೆ ಎಷ್ಟು ಏರುತ್ತದೆ, ಖಾಲಿ ಮಾಡಿ ಎಷ್ಟು ದಿನದಲ್ಲಿ ಅಡ್ವಾನ್ಸ್ ವಾಪಸ್ ಅನ್ನುವುದೂ ಕಾಗದದಲ್ಲಿ ಇರಲಿ. ಹಳೇ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ತೋರಿಸುವವರು, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್ ಪ್ಯಾನ್ ಬೇಕು ಅಂತ ಮೊದಲೇ ಹೇಳಿಬಿಡಿ.

ಹುಡುಗ ಬನಶಂಕರಿ ಮನೆಗೆ ಹೋದ. ಆಗ ಆಷಾಢ ನಡೆಯುತ್ತಿತ್ತು. ನಮ್ಮ ಕಡೆ ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸುವವರು ಕಡಿಮೆ, ಹಾಗಾಗಿ ಖಾಲಿ ಮನೆ ಖಾಲಿಯಾಗಿಯೇ ಇರುತ್ತದೆ. ಚೌಕಾಸಿಗೆ ಅದೇ ಒಳ್ಳೆಯ ಕಾಲ. ನಾನೂ ಜೊತೆಗೆ ಹೋಗಿ ಕೂತೆ. ಹತ್ತು ತಿಂಗಳ ಅಡ್ವಾನ್ಸ್ ಆರಕ್ಕೆ ಇಳಿಯಿತು. ಬಾಡಿಗೆಯಲ್ಲಿ ಓನರ್ ಒಂದು ರೂಪಾಯಿ ಬಿಡಲಿಲ್ಲ, ಆದರೆ ಬಾಡಿಗೆ ಶ್ರಾವಣದಿಂದ ಶುರು ಅಂತ ಒಪ್ಪಿದರು. ಎದ್ದು ಬರುವಾಗ ಆ ಮನೆಯ ಅಜ್ಜಿ ಹುಡುಗನ ಹೆಂಡತಿಗೆ ಹೇಳಿದರು: "ಸೋಮವಾರ, ಗುರುವಾರ ನೀರು ಬರುತ್ತಮ್ಮ. ಬೆಳಗ್ಗೆ ಐದಕ್ಕೆ ಮೋಟಾರ್ ನಾನೇ ಹಾಕ್ತೀನಿ."